ಪಂಚಮಿ ಉಂಡಿ, ಹಳ್ಳದ ಬಿಳಿ ಹಂದಿ

ಈ ವರ್ಷವೂ ಡಬ್ಬಿ ಬಂತು. ಪಂಚಮಿಯ ದಿನ ಬೆಳಿಗ್ಗೆ ದೊಡವಾಡದ ಕಡೆಯಿಂದ ಬರುವ ಮೊದಲ ಬಸ್ಸಿನ ಕಂಡಕ್ಟರು ಧಾರವಾಡದ ಸ್ಟ್ಯಾಂಡಿನಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, "ಅಮ್ಮಾರು ಜ್ವಾಕಿಲೆ ಮುಟ್ಟಸಂದಾರ್ರಿ" ಎಂದ. ಸ್ಟೀಲಿನ ಡಬ್ಬಿ, ಬಾಯಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿದ್ದು. ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ತುಪ್ಪದಲ್ಲಿ ಹುರಿದ ಕಡಲೆಹಿಟ್ಟು, ಯಾಲಕ್ಕಿ. ಬಟ್ಟೆ ದಾಟಿ ಘಮ್ಮೆನ್ನುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಮೂಗರಳಿಸಿ, "ಪಂಚಮಿ ಉಂಡಿ ಬಂತು ನೋಡ್ರಿ" ಎಂದು ನಕ್ಕರು. ನಾನು ಡಬ್ಬಿಯನ್ನು ಮೂಗಿನಿಂದ ದೂರ ಹಿಡಿದೆ.

ಯಾಲಕ್ಕಿ ವಾಸನೆಗೆ ವಾಂತಿ ಬರುವವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನನ್ನ ಗಂಡ ನಗುತ್ತಾನೆ. ಅವನಿಗೆ ಅರ್ಧ ಹೇಳಿದ್ದೇನೆ, ಪೂರ್ತಿ ಹೇಳಿಲ್ಲ. ಉಣ್ಣುವಾಗ ಹೇಳುವ ಕಥೆಯಲ್ಲ ಅದು. ಯಾಲಕ್ಕಿಯ ಬೆನ್ನಿಗೇ ನನಗೆ ಇನ್ನೊಂದು ವಾಸನೆ ಬರುತ್ತದೆ, ನೀರಿನಲ್ಲಿ ಉಬ್ಬಿ ಒಡೆದ ಹಂದಿಯದು. ಎರಡೂ ಒಂದೇ ದಿನ, ಒಂದೇ ಕೈಯಿಂದ ನನ್ನ ಮೂಗಿಗೆ ಹತ್ತಿದ್ದವು. ಆಮೇಲೆ ಅವು ಬಿಡಿಬಿಡಿಯಾಗಲೇ ಇಲ್ಲ.

ಪ್ರತಿ ವರ್ಷ ಡಬ್ಬಿಯನ್ನು ಆಫೀಸಿನಲ್ಲಿ ಹಂಚಿಬಿಡುತ್ತಿದ್ದೆ. ಈ ವರ್ಷ ಹಬ್ಬಕ್ಕೆಂದು ತವರಿಗೆ ಹೊರಟಿದ್ದೆ, ಸವದತ್ತಿಗೆ. ಡಬ್ಬಿ ಕೈಯಲ್ಲೇ ಉಳಿಯಿತು. ಅದನ್ನು ಸವದತ್ತಿಗೆ ಒಯ್ಯುವ ಮನಸ್ಸಾಗಲಿಲ್ಲ. ನೇರ ಬಸ್ಸು ಎದುರಿಗೇ ನಿಂತಿದ್ದರೂ ಬಿಟ್ಟು, ದೊಡವಾಡದ ಮೇಲೆ ಬೈಲಹೊಂಗಲಕ್ಕೆ ಹೋಗುವ ಬಸ್ಸು ಹತ್ತಿ ಕುಳಿತೆ. ಡಬ್ಬಿಯನ್ನು ಕಾಲ ಬುಡದಲ್ಲಿಟ್ಟು, ಕಿಟಕಿಗೆ ಮೂಗು ಹಚ್ಚಿ.

ಕೆಲವು ವರ್ಷಗಳ ಹಿಂದಿನ ಆ ಶ್ರಾವಣದಲ್ಲಿ ನನ್ನ ಕೆಲಸವೆಂದರೆ ಸತ್ತ ಹಂದಿ ಹುಡುಕುವುದು. ಪಶುವೈದ್ಯಕೀಯ ಓದಿ, ದನದ ದವಾಖಾನೆಗೆ ಹೋಗದೆ, ರೋಗ ಪತ್ತೆ ಮಾಡುವ ಪ್ರಯೋಗಾಲಯವೊಂದನ್ನು ಸೇರಿದ್ದೆ. ಹಂದಿಜ್ವರವೆಂದು ಒಂದು ರೋಗವಿದೆ. ಮನುಷ್ಯರಿಗೆ ಬರುವುದಿಲ್ಲ, ಹಂದಿಗೆ ಬಂದರೆ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಸೀಮೆಯಲ್ಲಿ ಅದನ್ನು ಹರಡುತ್ತಿರುವ ವೈರಸ್ಸು ಯಾವ ಬಗೆಯದು, ಎಲ್ಲಿಂದ ಬಂದದ್ದು ಎಂದು ಅದರ ಜೀನುಗಳನ್ನು ಓದಿ ಹೇಳಬೇಕಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹಂದಿ ಸತ್ತರೂ ನನಗೆ ಫೋನು. ಕಿತ್ತೂರಿನ ಕಡೆ ಬಿಡದ ಮಳೆ, ರಾಮದುರ್ಗದಲ್ಲಿ ಮೋಡವಿದ್ದೂ ಸುಡುವ ಬಿಸಿಲು. ಹಂದಿ ಮಾತ್ರ ಎಲ್ಲ ಕಡೆಯೂ ಒಂದೇ ರೀತಿ ಸಾಯುತ್ತಿತ್ತು, ಎಲ್ಲ ಕಡೆಯ ಜನವೂ ಒಂದೇ ರೀತಿ ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದರು. ಬಾಡಿಗೆ ಜೀಪಿನ ಡ್ರೈವರಂತೂ ಗಾಜು ಏರಿಸಿಕೊಂಡು ಒಳಗೇ ಕುಳಿತಿರುತ್ತಿದ್ದ.

ನಾನು ಸವದತ್ತಿಯ ಪುರೋಹಿತರ ಮನೆಯ ಮಗಳು. ನಮ್ಮಪ್ಪ, ಹೊಸಬರು ಯಾರೇ ಬಂದರೂ ನೀರು ಕೊಡುವ ಮೊದಲು ಗೋತ್ರ ಕೇಳುವವರು. ಒಮ್ಮೆ, "ನೀ ಮಾಡೋ ಕೆಲಸರೆ ಏನವಾ ಅದು, ನಮಗ ತಿಳಿಯೂಹಂಗ ಹೇಳು" ಎಂದರು.

"ನೀವು ಮನುಷ್ಯಾರ ಗೋತ್ರ ಕೇಳ್ತೀರಲ್ಲಾ, ನಾನು ರೋಗದ ಗೋತ್ರ ಕೇಳ್ತೀನಿ" ಎಂದೆ.

ಹೇಳಿದ್ದು ಸುಳ್ಳೇನಲ್ಲ. ವೈರಸ್ಸಿನ ಒಳಗೆ ಒಂದು ಉದ್ದನೆಯ ಬರಹವಿರುತ್ತದೆ. ಹಂದಿಯಿಂದ ಹಂದಿಗೆ ದಾಟುವಾಗ ಅದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ, ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಎರಡು ಕಡೆಯ ವೈರಸ್ಸಿನಲ್ಲಿ ಅದೇ ಜಾಗದಲ್ಲಿ ಅದೇ ತಪ್ಪು ಕಂಡರೆ ಅವೆರಡೂ ಒಂದೇ ಮನೆಯವು. ಬೇರೆ ಬೇರೆ ತಪ್ಪಿದ್ದರೆ ಬೇರೆ ಗೋತ್ರದವು. ಅಪ್ಪ ತಲೆದೂಗಿ, "ಹಂಗಿದ್ರ ಅದೂ ಒಂದು ಶಾಸ್ತ್ರನ ಅದ" ಎಂದರು. ಒಳಗಿನಿಂದ ನನ್ನ ತಾಯಿ ಕೂಗಿದಳು: "ಶಾಸ್ತ್ರ ಆಮ್ಯಾಲೆ. ಮದಲ ಹಿತ್ತಲಕ ಹೋಗಿ ತಲೀಮ್ಯಾಲೆ ನೀರ ಹಾಕ್ಕೊಂಡ ಬಾ ಅನ್ರಿ ಆಕಿಗೆ. ಆ ಅರಿವಿ ಒಳಗ ತರಬ್ಯಾಡ ಅನ್ರಿ." ನಾನು ಮನೆಗೆ ಹೋದಾಗಲೆಲ್ಲ ಹಿತ್ತಲ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದೆ. ಬೇಸರವೇನಿರಲಿಲ್ಲ. ಆ ದಿನಗಳಲ್ಲಿ ನನ್ನ ಮೈ ನನಗೇ ನಾರುತ್ತಿತ್ತು.

ಶ್ರಾವಣದ ಮೂರನೆಯ ಸೋಮವಾರ ಕಳೆದ ಮೇಲೆ ದೊಡವಾಡದ ಆಚೆಗಿನ ಒಂದು ಊರಿನಿಂದ ಫೋನು ಬಂತು. ಊರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಬರೆಯದಿದ್ದರೂ ಬರುತ್ತದೆ, ಆ ಮಾತು ಬೇರೆ. ಜಿಟಿಜಿಟಿ ಮಳೆ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಮಣಭಾರ. ಅಂಗಳದಲ್ಲಿ ಹರವಿದ್ದ ಹೆಸರುಕಾಯಿಯ ಮೇಲೆ ಹೆಂಗಸರು ತಾಡಪತ್ರಿ ಎಳೆಯುವುದು, ಬಿಸಿಲು ಬಂದರೆ ತೆಗೆಯುವುದು ನಡೆದಿತ್ತು. ಊರು ಮುಗಿದು ಹಳ್ಳ ಶುರುವಾಗುವಲ್ಲಿ ಗಾಯರಾಣದ, ಅಂದರೆ ಊರ ಗೋಮಾಳದ, ಜಾಗದಲ್ಲಿ ಐದಾರು ಮನೆಗಳ ಗಲ್ಲಿ. ಹಂದಿ ಸಾಕುವವರ ಗಲ್ಲಿ. ಅಲ್ಲಿದ್ದವಳು ದುರ್ಗವ್ವ.

ನಡುವಯಸ್ಸಿನ, ಗಂಡ ಸತ್ತ ಹೆಂಗಸು. ನಾನು ಹೋದಾಗ ಬಾಗಿಲಲ್ಲಿ ಕುಳಿತು ಒಂದು ಮರಿಯ ಬಾಯಿಗೆ ಗಂಜಿ ಹನಿಸುತ್ತಿದ್ದಳು. ಮರಿ ನುಂಗುತ್ತಿರಲಿಲ್ಲ.

"ಬರ್ರಿ ಬಾಯಾರ. ನೋಡ್ರಿ ಇಲ್ಲಿ. ದಿನಾ ಸಾಯಾಕ ಹತ್ಯಾವ್ರಿ. ಮದಲ ಉಣ್ಣೂದು ಬಿಡತಾವು, ಒಂದರ ಮ್ಯಾಲ ಒಂದ ಬಿದ್ದು ಥಂಡಿ ಹತ್ತಿದಂಗ ನಡಗತಾವು. ಆಮ್ಯಾಗ ಹಿಂಗಾಲು ತೊಡಕಾಕ್ಕೋತ, ಕುಡದೋರು ನಡದಂಗ ನಡದು ಬಿದ್ದ ಬಿಡತಾವ್ರಿ."

ಗೋಡೆಯ ಬುಡದಲ್ಲಿ ಮರಿಗಳು ಗುಡ್ಡೆ ಬಿದ್ದಿದ್ದವು. ಕಿವಿ, ಹೊಟ್ಟೆ ಎಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು, ಕಣ್ಣಿಗೆ ಪಿಸರು ಕಟ್ಟಿತ್ತು. ಕರೆವ್ವ ಎಂದು ಅವಳು ಕರೆಯುತ್ತಿದ್ದ ದೊಡ್ಡ ತಾಯಿಹಂದಿಯೊಂದು ಮಾತ್ರ ಇನ್ನೂ ನಿಂತಿತ್ತು. ಅದೂ ತಲೆ ಜೋತುಹಾಕಿಕೊಂಡು. ಅವತ್ತೇ ಸತ್ತ ಒಂದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿಸಿ ಕೊಯ್ದೆ. ಮೂತ್ರಪಿಂಡದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ರಕ್ತದ ಚುಕ್ಕೆಗಳು. ಸಂಶಯವೇ ಬೇಡ. ವೈರಸ್ಸು ಹೆಚ್ಚಾಗಿ ಸೇರಿಕೊಳ್ಳುವ ಅಂಗವೆಂದು ಗುಲ್ಮದ ಚೂರು ತೆಗೆದು ಮಂಜುಗಡ್ಡೆಯ ಡಬ್ಬಿಗೆ ಹಾಕಿದೆ.

ಅಷ್ಟರಲ್ಲಿ ಊರ ಹಿರಿಯರು ಬಂದು ದೂರದಲ್ಲಿ ಟವೆಲ್ಲಿನಿಂದ ಮೂಗು ಮುಚ್ಚಿ ನಿಂತಿದ್ದರು. ಅವರಲ್ಲಿ ಪಂಚಾಯ್ತಿ ಅಧ್ಯಕ್ಷರು ಒಂದು ಹೆಜ್ಜೆ ಮುಂದೆ ಬಂದು ಉಗುಳಿದರು, ಆಮೇಲೆ ಮಾತಾಡಿದರು.

"ಮೇಡಮ್ಮಾರ, ರೋಗ ಇವರ ಹಂದಿಯಿಂದನ ಹಬ್ಬೈತಿ ಅಂತ ಒಂದ ಮಾತು ಬರಕೊಟ್ಟಬಿಡ್ರಿ. ಗಣಪತಿ ಬರೂದ್ರೊಳಗ ಗಲ್ಲೀನ ಖಾಲಿ ಮಾಡಸ್ತೇವಿ. ಗಾಯರಾಣ ಜಾಗಾ ಐತಿ, ಇವರದೇನೂ ಹಕ್ಕಿಲ್ಲ. ಸಾವಕಾರರ ಶೆಡ್ಡಿಗೂ ಇವರಿಂದನ ಹತ್ತೈತಿ. ಅವರೂ ಭಾಳ ಲುಕ್ಸಾನಾಗ್ಯಾರ."

ಆ ಊರಿನ ಸಾವಕಾರರು ಹೊಲದಲ್ಲಿ ಶೆಡ್ಡು ಹಾಕಿ ಬಿಳಿ ಹಂದಿ ಸಾಕಿದ್ದಾರೆಂದು ನನಗೆ ಗೊತ್ತಾದದ್ದು ಆಗಲೇ. ಪರರಾಜ್ಯದಿಂದ ಲಾರಿಯಲ್ಲಿ ಮರಿ ತರಿಸಿದ್ದರಂತೆ. ಶೆಡ್ಡಿನ ಬೋರ್ಡಿನ ಮೇಲೆ ಹಂದಿ ಎಂಬ ಅಕ್ಷರವೇ ಇಲ್ಲ, 'ಕೃಷಿ ಫಾರ್ಮ್' ಎಂದಷ್ಟೇ. ಮದುವೆ ಮಂಟಪಗಳಲ್ಲಿ ಉಳಿದ ಅನ್ನ, ಹುಗ್ಗಿ, ಸಾರು ಡ್ರಮ್ಮುಗಳಲ್ಲಿ ಬರುತ್ತಿತ್ತು. "ಅವರವು ನೀಟ್ ಅದಾವ್ರಿ. ಪೂರಾ ಶಾಖಾಹಾರಿ" ಎಂದರು ಅಧ್ಯಕ್ಷರು. ಹಂದಿಯಲ್ಲೂ ಮಡಿಹಂದಿ, ಮೈಲಿಗೆಹಂದಿ ಎಂದಿರುವುದು ನನಗೆ ಗೊತ್ತಿರಲಿಲ್ಲ.

ದುರ್ಗವ್ವ ಮರಿಯನ್ನು ಕೆಳಗಿಟ್ಟು ಎದ್ದಳು. "ನಮ್ಮ ಹಂದಿ ಹೇಲ ತಿಂತಾವ್ರಿ ಯಜಮಾನರ, ಇಲ್ಲನ್ನೂದಿಲ್ಲ. ಆದ್ರ ಅದನ್ನ ಅಲ್ಲಿ ಹಾಕಿದವು ಅವಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಹಳ್ಳದಾಗ ಬಿಳೇವು ಬಿದ್ದು ಕೊಳ್ಯಾಕ ಹತ್ಯಾವ್ರಿ ಬಾಯಾರ. ನಮ್ಮುವು ಅವನ್ನ ತಿಂದ ಬಂದಾವು. ಅದಾದ ಮ್ಯಾಗನ ಬಿದ್ದಾವು. ನಮ್ಮನ್ನ ಇಲ್ಲಿಂದ ಎಬ್ಬಿಸಿದ್ರ ಎಲ್ಲಿಗಂತ ಹೋಗೂನ್ರಿ? ಯಾ ಊರಾಗ ನಮ್ಮನ್ನ ಬಾ ಅಂತಾರ?"

"ಅವು ಎಲ್ಲಿಂದಲೋ ಹರಕೊಂಡ ಬಂದಾವ್ರಿ" ಎಂದು ಯಾರೋ ಟವೆಲ್ಲಿನ ಒಳಗಿನಿಂದಲೇ ಹೇಳಿದರು.

ನಾನು ಹಳ್ಳಕ್ಕೆ ಇಳಿದೆ. ನೋಡದೆ ಬರೆಯುವುದು ನನ್ನಿಂದಾಗದು. ಜಾಲಿಕಂಟಿಯ ಬುಡದಲ್ಲಿ, ಸೇತುವೆಯ ಪೈಪಿಗೆ ಅಡ್ಡವಾಗಿ, ಬಿದ್ದಿದ್ದವು. ಎಷ್ಟೋ ತಿಳಿಯಲಿಲ್ಲ. ಒಂದರ ಕಾಲು ಇನ್ನೊಂದರ ಹೊಟ್ಟೆಯೊಳಗೆ ಸೇರಿಹೋಗಿತ್ತು. ಬಿಳಿ ಚರ್ಮ ಹಸಿರಿಗೆ ತಿರುಗಿ ಸುಲಿದಿತ್ತು. ನೀರಿನ ಮೇಲೆ ಎಣ್ಣೆಯ ಹಾಗೆ ಏನೋ ತೇಲುತ್ತಿತ್ತು, ಅದರ ಮೇಲೆ ನೊಣ. ನಮ್ಮಪ್ಪ ದಿನಾ ಬೆಳಿಗ್ಗೆ ಸಂಕಲ್ಪದಲ್ಲಿ 'ಶ್ವೇತವರಾಹಕಲ್ಪೇ' ಎನ್ನುತ್ತಾರೆ. ಶ್ವೇತವರಾಹ ಇಲ್ಲಿ ಹೀಗೆ ಬಿದ್ದಿತ್ತು.

ಕೊಳೆತದ್ದರಲ್ಲಿ ಗುಲ್ಮ ಹುಡುಕಿ ಪ್ರಯೋಜನವಿಲ್ಲ. ದೊಡ್ಡ ಎಲುಬಿನೊಳಗಿನ ಮಜ್ಜೆ ಎಲ್ಲಕ್ಕಿಂತ ಕೊನೆಗೆ ಕೆಡುತ್ತದೆ. ಅದು ಬೇಕಿತ್ತು. ಮೊಣಕಾಲು ನೀರಿನಲ್ಲಿ ನಿಂತು ಒಂದು ತೊಡೆಯನ್ನು ಹಿಡಿದೆಳೆದರೆ ಅದು ತಾನಾಗಿಯೇ ಕಳಚಿ ಕೈಗೆ ಬಂತು. ಕೈಗವಸಿನ ಬೆರಳೊಂದು ಹರಿದು ಒಳಗೆ ತಣ್ಣಗೆ ಏನೋ ಇಳಿಯಿತು. ಗರಗಸದಿಂದ ಎಲುಬು ಕೊಯ್ಯುವಾಗ ಮೇಲೆ ಸೇತುವೆಯ ಮೇಲೆ ಒಂದು ಮೋಟರ್ ಸೈಕಲ್ ನಿಂತಿತು. ಸವಾರ ಕೆಳಗೆ ನೋಡಿ, "ಥೂ ಹಲ್ಕಟ್ ಕೆಲಸ" ಎಂದು ಹೋದ. ನಾನು ವಾಂತಿ ಮಾಡಲಿಲ್ಲ. ಅದು ಆಮೇಲೆ.

ಮೇಲೆ ಬಂದರೆ ಕೈ ತೊಳೆಯಲು ನೀರು ಬೇಕಿತ್ತು. ಗಲ್ಲಿಯಲ್ಲಿ ನಳವಿಲ್ಲ. ಇದೇ ಹಳ್ಳದ ನೀರು ಅವರಿಗೆ. ಸಾವಕಾರರ ಮನೆಯಿಂದ ಆಳು ಬಂದು, "ಅಮ್ಮಾರು ಚಾಕ್ಕ ಕರದಾರ್ರಿ" ಎಂದ. ಸಾವಕಾರರು ಬೈಲಹೊಂಗಲದ ಪ್ಯಾಟಿಗೆ ಹೋಗಿದ್ದರು. ಮನೆಯಲ್ಲಿದ್ದವರು ಅವರ ತಾಯಿ ನೀಲವ್ವ. ಎಂಬತ್ತರ ಹತ್ತಿರದ ಅಜ್ಜಿ, ಹಣೆಗೆ ಅಗಲಕ್ಕೆ ವಿಭೂತಿ, ನೋಡಿದರೆ ಕೈಮುಗಿಯಬೇಕೆನಿಸುವ ಮುಖ. ಅಂಗಳದಲ್ಲಿ ತಾವೇ ನಿಂತು ತಂಬಿಗೆಯಿಂದ ನೀರು ಹಾಕಿದರು, ಸಾಬೂನು ಕೊಟ್ಟರು. ಎಷ್ಟು ತಿಕ್ಕಿದರೂ ಆ ವಾಸನೆ ಉಗುರಿನ ಸಂದಿಯಿಂದ ಹೋಗಲಿಲ್ಲ.

"ಯಾ ಊರವಾ ನೀ?"

"ಸವದತ್ತಿ ರೀ."

"ಯಲ್ಲಮ್ಮನ ಊರಾಕಿ. ಆಚಾರದವರ ಮನಿ ಮಗಳ ಕಂಡಂಗ ಕಾಣತಿ. ಇಂಥಾ ಹೊಲಸು ಕೆಲಸಾ ಹೆಂಗರ ಹಿಡದೀವಾ? ತಗೋ, ಬಾಯಾಗ ಹಾಕ್ಕೊ. ಪಂಚಮಿ ಉಂಡಿ, ಇನ್ನೂ ಕಟ್ಟಿದಂಗ ಅದಾವು."

ಬೇಸನ್ ಉಂಡಿ. ಬೇಡವೆಂದರೆ ಬಿಡುವ ಪೈಕಿಯಲ್ಲ. ಆ ಬೆರಳುಗಳಿಂದಲೇ ಹಿಡಿದು ಕಚ್ಚಿದೆ. ಎದುರಿಗೆ ಕುಳಿತು ನಾನು ತಿನ್ನುವುದನ್ನೇ ನೋಡುತ್ತ ನೀಲವ್ವ ಮಾತು ಮುಂದುವರಿಸಿದರು. ಹಂದಿ ಎಂಬ ಶಬ್ದ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. 'ಅವು' ಎನ್ನುತ್ತಿದ್ದರು.

"ನನ್ನ ಮಗಾ ಅವನ್ನ ತಂದದ್ದು ನನಗ ಸೇರಲಿಲ್ಲ. ಏನ ಮಾಡೂದವಾ, ಕಾಲಮಾನ. ಆದ್ರ ನಮ್ಮ ಮನ್ಯಾಗ ರೀತಿ ಬಿಟ್ಟಿಲ್ಲ. ಪಂಚಮಿ ದಿವಸನ ನೋಡು, ಶೆಡ್ಡಿನ್ಯಾಗ ಅವು ಸಾಲಗೆ ಸತ್ತ ಬಿದ್ದಿದ್ದುವು. ಆಳಮಕ್ಕಳು ಗುದ್ದಲಿ ತಗೊಂಡು ಹೊಲಕ್ಕ ಹೊಂಟಿದ್ರು. ನಾ ಬಾಗಲದಾಗ ಅಡ್ಡ ನಿಂತೆ. ಪಂಚಮಿ ದಿವಸ ನೆಲಕ್ಕ ಗುದ್ದಲಿ ಹಾಕಿದ್ರ ನಾಗಪ್ಪಗ ಬಡೀತೈತಿ, ವಂಶಾ ಉಳಿಯೂದಿಲ್ಲ ಅಂದೆ. ಅದೂ ಆ ಹೊಲದಾಗ ನಮ್ಮ ಹಿರ್ಯಾರ ಗದ್ದಗಿ ಅದಾವು. ನನ್ನ ಮಗಾ ನನ್ನ ಮಾತ ಮೀರಾಂವಲ್ಲ."

ನಾಗರಪಂಚಮಿಯ ದಿನ ಭೂಮಿ ಅಗೆಯಬಾರದು, ನೇಗಿಲು ಹೂಡಬಾರದು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ನಮ್ಮ ಮನೆಯಲ್ಲಿ ಅವತ್ತು ಕಾಯಿಪಲ್ಲೆಯನ್ನೂ ಹೆಚ್ಚುವುದಿಲ್ಲ. ಉಂಡಿ ನನ್ನ ಬಾಯಲ್ಲೇ ನಿಂತಿತು.

"ಮತ್ತ ಅವನ್ನ ಏನ ಮಾಡಿದ್ರಿ ಅಮ್ಮಾರ?"

"ಅದೆಲ್ಲಾ ಗಂಡಸೂರ ಕೆಲಸವಾ. ಟ್ರಾಲಿ ತಂದ್ರು, ಒಯ್ದ್ರು. ಒಟ್ಟ ಪಂಚಮಿ ಕೆಡಲಿಲ್ಲ."

ಅಂದರೆ ರೋಗದ ಹೆಣಗಳು ಸುಣ್ಣ ಹಾಕಿ ಮಣ್ಣಿನಲ್ಲಿ ಹೂಳುವ ಬದಲು ಕಬ್ಬಿನ ಟ್ರಾಲಿ ಏರಿ ಹಳ್ಳಕ್ಕೆ ಹೋದದ್ದು ಹಬ್ಬ ಕೆಡಬಾರದೆಂದು. ಆ ಹಳ್ಳದ ನೀರನ್ನು ಒಂದು ಗಲ್ಲಿಯ ಜನ ಕುಡಿಯುತ್ತಾರೆಂಬುದು, ಅವರ ಹಂದಿಗಳು ಅಲ್ಲೇ ತಿರುಗುತ್ತವೆಂಬುದು ಆ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಅಜ್ಜಿ ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಹೇಸಿಗೆ ತಂದಿತು. ಕೆಟ್ಟವರಾಗಿದ್ದರೆ ಎದ್ದು ಬೈದು ಬರಬಹುದಿತ್ತು. ಬಾಯಲ್ಲಿದ್ದದ್ದನ್ನು ನುಂಗಿ, ಚಹಾ ಕುಡಿದು, ನಮಸ್ಕಾರ ಹೇಳಿ ಬಂದೆ. ಊರ ಹೊರಗೆ ಜೀಪು ನಿಲ್ಲಿಸಿ ಹೆಸರುಹೊಲದ ಬದುವಿನಲ್ಲಿ ಎಲ್ಲವನ್ನೂ ಕಾರಿಕೊಂಡೆ. ಯಾಲಕ್ಕಿ, ತುಪ್ಪ, ಅದರ ಹಿಂದೆ ಹಂದಿ.

ಪ್ರಯೋಗಾಲಯದಲ್ಲಿ ಕೆಲಸ ನಿಧಾನ. ಮಜ್ಜೆಯಿಂದ ವೈರಸ್ಸಿನ ಅಂಶ ಬರುತ್ತದೋ ಇಲ್ಲವೋ ಎಂದು ಹೆದರಿದ್ದೆ. ಬಂತು. ದುರ್ಗವ್ವನ ಹಂದಿಯದನ್ನೂ ಹಳ್ಳದ ಬಿಳಿ ಹಂದಿಯದನ್ನೂ ಓದಿ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಇಟ್ಟೆ. ಅಕ್ಷರಕ್ಕೆ ಅಕ್ಷರ ಒಂದೇ. ಆಮೇಲೆ ಹಿಂದಿನ ವರ್ಷಗಳಲ್ಲಿ ಕಿತ್ತೂರು, ರಾಮದುರ್ಗದ ಬೀದಿ ಹಂದಿಗಳಿಂದ ತಂದು ತಣ್ಣಗಿಟ್ಟಿದ್ದ ಮಾದರಿಗಳನ್ನು ತೆಗೆದು ಹೋಲಿಸಿದೆ. ಅವುಗಳದು ಬೇರೆ ಗೋತ್ರ. ಈ ಹೊಸದು ನಮ್ಮ ಸೀಮೆಯದಲ್ಲ. ಸಾವಕಾರರು ಮರಿ ತರಿಸಿದ್ದ ಆ ಪರರಾಜ್ಯದ ಕಡೆ ಕಂಡುಬಂದಿದ್ದ ಬಗೆ. ರೋಗ ಲಾರಿ ಹತ್ತಿ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ. ಇಲ್ಲಿ ಕಣ್ಣಾರೆ ಕಾಣುತ್ತಿದ್ದೆ.

ಅಮಾವಾಸ್ಯೆಗೆ ಮುಂಚೆ ಸಭೆ ಕರೆದರು. ಪಂಚಾಯ್ತಿ ಕಟ್ಟಡ ಸೋರುತ್ತದೆಂದು ಸಾವಕಾರರ ಪಡಸಾಲೆಯಲ್ಲೇ ಸೇರಿದರು. ಜಮಖಾನೆ ಹಾಸಿತ್ತು, ಅಡಿಕೆ-ಎಲೆಯ ತಟ್ಟೆ ತಿರುಗಿತು. ದುರ್ಗವ್ವ ಮತ್ತು ಗಲ್ಲಿಯವರು ಅಂಗಳದಲ್ಲಿ, ಸೂರಿನ ನೀರು ಬೀಳುವಲ್ಲಿ ನಿಂತಿದ್ದರು. ಯಾರೂ ಅವರಿಗೆ ಮೇಲೆ ಬನ್ನಿ ಎನ್ನಲಿಲ್ಲ. "ಅವರನ್ನೂ ಒಳಗ ಕರೀರಿ" ಎಂದು ನಾನು ಅಂದದ್ದು ಯಾರಿ​ಗೂ ಕೇಳಿಸಲಿಲ್ಲ.

ನಾನು ಗೋತ್ರದ ಲೆಕ್ಕದಲ್ಲೇ ವಿವರಿಸಿದೆ. ಎಲ್ಲರಿಗೂ ತಿಳಿಯಿತು. ಸಾವಕಾರರು ಶಾಂತವಾಗಿ ಕೇಳಿ, ಶಾಂತವಾಗಿಯೇ ಉತ್ತರಿಸಿದರು. ಬಿಳಿ ಧೋತರ, ಬಿಳಿ ಅಂಗಿ, ಮೆತ್ತಗಿನ ಮಾತು.

"ಒಪ್ಪಿದ್ನಿರೀ ಮೇಡಮ್ಮಾರ. ಎರಡೂ ಒಂದ ರೋಗ. ಆದ್ರ ಯಾರಿಂದ ಯಾರಿಗೆ ಬಂತು ಅಂತ ನಿಮ್ಮ ಅಕ್ಷರ ಹೇಳ್ತಾವೇನ್ರಿ? ಈ ಮಂದಿ ಊರೂರು ತಿರಗತಾರ. ಎಲ್ಲಿಂದರ ಇವರ ತಂದಿರಬೇಕು. ಇವರುವು ಸತ್ತ ಮ್ಯಾಗನ ನಮ್ಮುವು ಸತ್ತದ್ದು."

ದಡ್ಡರಲ್ಲ ಅವರು. ಅದು ಸರಿಯಾದ ಪ್ರಶ್ನೆ. ಬರೀ ಅಕ್ಷರ ನೋಡಿ ಮೊದಲು ಯಾರು, ಆಮೇಲೆ ಯಾರು ಎಂದು ಆಣೆಯಿಟ್ಟು ಹೇಳಲಾಗದು. ಯಾವ ದಿನ ಎಲ್ಲಿ ಸತ್ತವೆಂಬುದು ಬೇಕು. ಹಿರಿಯರು ತಲೆಯಾಡಿಸಿದರು. ಅಧ್ಯಕ್ಷರು, "ಮತ್ತೇನೈತ್ರಿ ಹಂಗಾರ, ಗಲ್ಲಿ ಖಾಲಿ ಮಾಡಸೂದು ಅಂತ ಬರದಬಿಡೂನು" ಎಂದರು. ಅಂಗಳದಲ್ಲಿ ದುರ್ಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನನ್ನನ್ನೇ ನೋಡುತ್ತಿದ್ದಳು.

ಅಲ್ಲಿಗೇ ಸಾವಕಾರರು ಸುಮ್ಮನಿದ್ದಿದ್ದರೆ ಗೆದ್ದಿದ್ದರು. ಒಳ್ಳೆಯವರೆನಿಸಿಕೊಳ್ಳುವ ಚಪಲ ಬಿಡಲಿಲ್ಲ. "ನಾವೇನು ಇವರಂಗ ಹೊಲಸು ಮಂದಿ ಅಲ್ರಿ. ಸತ್ತ ದಿವಸನ, ಒಂದ ತಾಸೂ ಇಟ್ಟಿಲ್ಲ, ನಮ್ಮ ಹೊಲದಾಗ ಕುಣಿ ತೋಡಿ, ಸುಣ್ಣಾ ಹಾಕಿ, ಹೂತೇವಿ" ಎಂದರು.

"ಯಾವತ್ತ ಸತ್ತಿದ್ದು ಸಾವಕಾರ್ರ?" ಎಂದೆ.

"ಇತ್ತಿತ್ಲಾಗ..."

"ನಿಮ್ಮ ತಾಯಾರು ಪಂಚಮಿ ದಿವಸ ಅಂತ ನನಗ ಹೇಳ್ಯಾರಲ್ರಿ. ಪಂಚಮಿ ದಿವಸ ನೆಲಾ ಅಗದೀರೇನ್ರಿ?"

ಹಿರಿಯರೆಲ್ಲ ಸಾವಕಾರರ ಮುಖ ನೋಡಿದರು, ಇಷ್ಟು ಹೊತ್ತು ನೋಡದಿದ್ದ ರೀತಿಯಲ್ಲಿ. ನಡುಮನೆಯ ಬಾಗಿಲು ದಢಾರೆಂದು ತೆರೆಯಿತು. ನೀಲವ್ವ ಹೊಸ್ತಿಲಲ್ಲಿ ನಿಂತಿದ್ದರು.

"ಪಂಚಮಿ ದಿವಸ ಭೂಮಿ ಅಗದಿಯೇನೋ? ನಾ ಬ್ಯಾಡಂದ ಮ್ಯಾಗೂ ಅಗದಿಯೇನು? ನಿಮ್ಮಪ್ಪನ ಗದ್ದಗಿ ಮಗ್ಗಲದಾಗ?"

"ಇಲ್ಲಬೇ..."

"ಮತ್ತ ಈಗ ಏನಂದಿ ಮಂದ್ಯಾಗ?"

"ಅಗದಿಲ್ಲಬೇ ಯವ್ವಾ, ನಿನ್ನಾಣಿ. ಅವತ್ತ ಟ್ರಾಲ್ಯಾಗ ಹೇರಿಸಿ ಹಳ್ಳಕ್ಕ ಒಗಸೇನಿ."

ಅಷ್ಟು ಜನರೆದುರು, ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ ಹೇಳಿದರು. ನೀಲವ್ವ ಉಸಿರು ಬಿಟ್ಟು ಹೊಸ್ತಿಲ ಮೇಲೇ ಕುಳಿತರು. "ಹಾಂ, ಹಂಗನ್ನು ಮತ್ತ" ಎಂದರು. ಪಡಸಾಲೆಯ ತುಂಬ ಒಂದು ನಿರಾಳ. ಒಬ್ಬ ಹಿರಿಯರು, "ನಾ ಅಂದ್ನಿ, ಸಾವಕಾರರ ಮನ್ಯಾಗ ಹಂಗ್ಯಾಕ ಆದೀತು" ಎಂದು ಇನ್ನೊಂದು ಎಲೆಗೆ ಸುಣ್ಣ ಸವರಿದರು. ನಾನು ಸುತ್ತ ನೋಡಿದೆ. ಯಾರಾದರೂ ಒಬ್ಬರು, ಒಬ್ಬರಾದರೂ, ಹಳ್ಳಕ್ಕೆ ಯಾಕೆ ಒಗೆಸಿದಿರಿ ಎಂದು ಕೇಳುತ್ತಾರೇನೋ ಎಂದು. ಕೇಳಲಿಲ್ಲ. ನೆಲ ಅಗೆದಿಲ್ಲವಲ್ಲ, ಮುಗಿಯಿತು. ಅವತ್ತು ನನಗಾದ ಹೇಸಿಗೆಯ ಮುಂದೆ ಹಳ್ಳದ್ದು ಏನೂ ಅಲ್ಲ. ಹೆಣ ಕೊಳೆಯುವುದು ಅದರ ತಪ್ಪಲ್ಲ.

ಪಂಚಮಿಯ ದಿನವೇ ಶೆಡ್ಡಿನಲ್ಲಿ ಸತ್ತಿದ್ದವೆಂದಾದ ಮೇಲೆ, ಹತ್ತು-ಹದಿನೈದು ದಿನದ ಮೇಲೆ ನಾನು ಹೋದಾಗ ಇನ್ನೂ ಸಾಯುತ್ತಲೇ ಇದ್ದ ಗಲ್ಲಿಯ ಹಂದಿಗಳು ಬಿದ್ದದ್ದು ಅದರ ನಂತರವೆಂದು ಲೆಕ್ಕ ಕಷ್ಟವಾಗಲಿಲ್ಲ. ನಾನು ಹಾಗೆಯೇ ಬರೆದುಕೊಟ್ಟೆ. ಆದರೆ ಗಲ್ಲಿ ಉಳಿದದ್ದು ಅದರಿಂದಲೇ ಎಂದು ಹೇಳುವ ಧೈರ್ಯ ನನಗಿಲ್ಲ. ಗಣಪತಿ ಕಳಿಸುವುದು ಅದೇ ಹಳ್ಳದಲ್ಲಿ. ಹೆಣಗಳನ್ನು ಎಳೆದು ತೆಗೆಯಲು ಊರಲ್ಲಿ ಬೇರೆ ಯಾರೂ ಕೈ ಹಚ್ಚಲಾರರು. ಹೊರಗೆ ಹಾಕಬೇಕೆಂದಿದ್ದ ಮನೆಗಳಿಗೇ ಹೋಗಿ, "ಏ, ಹಬ್ಬದಾಗ ಒಂದಿಷ್ಟು ಸ್ವಚ್ಛ ಮಾಡಿಕೊಡ್ರೋ" ಎಂದು ಕರೆದರು. ಅವರು ಮಾಡಿಕೊಟ್ಟರು. ಕುಣಿ ತೋಡಿ, ಸುಣ್ಣ ಹಾಕಿ. ಗಲ್ಲಿ ಖಾಲಿ ಮಾಡಿಸುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಕ್ಷಮಿಸಿ ಎಂಬ ಮಾತನ್ನೂ ಎತ್ತಲಿಲ್ಲ. ಮುಂದಿನ ವರ್ಷ ಸಾವಕಾರರು ಆ ಶೆಡ್ಡಿನಲ್ಲಿ ಕೋಳಿ ಸಾಕಿದರು.

ಸಭೆ ಮುಗಿದು ಹೊರಡುವಾಗ ನೀಲವ್ವ ನನ್ನ ಎರಡೂ ಕೈ ಹಿಡಿದುಕೊಂಡಿದ್ದರು. ಕಣ್ಣಲ್ಲಿ ನೀರು. "ನಮ್ಮ ಮನಿ ಪಂಚಮಿ ಕೆಟ್ಟಿಲ್ಲ ಅಂತ ನಾಕ ಮಂದ್ಯಾಗ ಖರೇ ಮಾಡಿ ತೋರಿಸಿದೀವಾ. ನಿನ್ನ ಋಣಾ ಹೆಂಗ ತೀರಿಸಲಿ?" ಎಂದರು. ಅಂದಿನಿಂದ ಈ ಡಬ್ಬಿ. ತಪ್ಪದೆ, ಪ್ರತಿ ಪಂಚಮಿಗೆ.

ಬಸ್ಸು ದೊಡವಾಡ ದಾಟಿತು. ಆ ಊರಿನಲ್ಲಿ ಇಳಿದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತಿದ್ದರು. ನಾನು ಡಬ್ಬಿ ಹಿಡಿದುಕೊಂಡು ಗಲ್ಲಿಯ ಕಡೆ ನಡೆದೆ. ದುರ್ಗವ್ವನ ತಲೆ ಬೆಳ್ಳಗಾಗಿದೆ. ಕರೆವ್ವ ಆ ರೋಗದಲ್ಲಿ ಉಳಿದುಕೊಂಡ ಒಂದೇ ಹಂದಿ. ಅದು ಈಗಿಲ್ಲ, ಅದರ ಮಗಳ ಮಗಳೊಂದು ಬಾಗಿಲಲ್ಲಿ ಮಲಗಿ ಮರಿಗಳಿಗೆ ಹಾಲೂಡುತ್ತಿತ್ತು.

"ಬರ್ರಿ ಬಾಯಾರ! ಹಬ್ಬದಾಗ ಬಂದೀರಿ. ಏನ್ರಿ ಇದು?"

"ಉಂಡಿ. ನಿನ್ನ ಹಂದಿಗೆ ಹಾಕು ಅಂತ ತಂದೀನಿ."

ದುರ್ಗವ್ವ ಬಟ್ಟೆ ಬಿಚ್ಚಿ ಮೂಸಿ ನೋಡಿದಳು. "ನಿಮಗೇನ ತಲಿಗಿಲಿ ಕೆಟ್ಟೈತೇನ್ರಿ? ಇಷ್ಟ ಚಲೋ ತುಪ್ಪದ ಉಂಡಿ ಯಾರರ ಹಂದಿಗೆ ಹಾಕ್ತಾರೇನ್ರಿ? ನಾವೇನ ಸತ್ತೇವೇನು?" ಎಂದು ನಗುತ್ತ ಒಂದು ತೆಗೆದು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಜಗಿದಳು. "ಭಾರೀ ಆಗೈತ್ರಿ. ಯಾರ ಮನೀವು?"

ಹೇಳಿದೆ.

ಜಗಿಯುವುದು ನಿಂತಿತು. ಪಕ್ಕಕ್ಕೆ ತಿರುಗಿ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿದಳು, ಅದನ್ನು ಡಬ್ಬಿಯಲ್ಲಿದ್ದ ಉಂಡಿಗಳ ಮೇಲೇ ಹಾಕಿ ಮತ್ತೆ ಬಟ್ಟೆ ಬಿಗಿದಳು. ವಾಸನೆ ಹಿಡಿದು ಎದ್ದು ಬಂದಿದ್ದ ಹಂದಿಯನ್ನು ಕಾಲಿನಿಂದ ಆಚೆ ನೂಕಿದಳು.

"ಹಂಗಾರ ಹಂದಿಗೂ ಬ್ಯಾಡ ಬಿಡ್ರಿ."

"ಮತ್ತ ಏನ ಮಾಡ್ತಿ? ಹಳ್ಳಕ್ಕ ಒಗೀತೀಯೇನು?"

"ಛೀ, ಹಳ್ಳಕ್ಕ ಯಾರರ ಒಗೀತಾರೇನ್ರಿ? ನೀರು ಕುಡ್ಯೂ ಮಂದಿ ನಾವು." ಒಳಗೆ ಹೋಗಿ ಗುದ್ದಲಿ ತಂದಳು. ಮನೆಯ ಹಿಂದಿನ ಹಸಿ ಎರೆಯಲ್ಲಿ ಕಾಲೂರಿ ನಿಂತು, ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿದಳು.

ಪುರೋಹಿತರ ಮನೆಯ ಮಗಳಲ್ಲವೇ, ನನ್ನ ಬಾಯಿ ಸುಮ್ಮನಿರಲಿಲ್ಲ. "ದುರ್ಗವ್ವಾ, ಇವತ್ತ ಪಂಚಮಿ" ಎಂದೆ.

"ಗೊತ್ತೈತ್ರಿ" ಎಂದಳು. "ನಾಗಪ್ಪಗೂ ಮೂಗು ಐತಿ. ತಿಳಕೋತಾನ."

ಗುದ್ದಲಿ ಎತ್ತಿ ನೆಲಕ್ಕೆ ಹಾಕಿದಳು.